ನನ್ನ ನೆಲ, ಅವಳ ಸೂರು

ಲಿಯೆಪಾಯಾದಲ್ಲಿ ಮಾರ್ಚ್ ತಿಂಗಳೆಂದರೆ
ಹಿಮವೂ ಅಲ್ಲ, ಕೆಸರೂ ಅಲ್ಲ.
ಟ್ರಾಮ್ ಹಳಿಯ ಪಕ್ಕದ ದೊಡ್ಡ ಅಂಗಡಿಗೆ
ಲ್ಯಾಮಿನೇಟ್ ಆರಿಸಲು ಹೋದೆವು ಇಬ್ಬರು:
ನಾನು, ಮತ್ತು ಹನ್ನೊಂದು ವರ್ಷ
ಪೊರಕೆಯ ಹಿಡಿಯಿಂದ ನನ್ನ ನೆಲವನ್ನು ಅಡಿಯಿಂದ ಕುಟ್ಟಿದ
ಕೆಳಮನೆಯ ಸ್ಕೈದ್ರೀತೆ.

ಕರೆದದ್ದು ನಾನೇ.
ಬೇಕರಿಯಲ್ಲಿ ನಾಲ್ಕಕ್ಕೆ ಹಿಟ್ಟು ನಾದಬೇಕು,
ಮೂರಕ್ಕೇ ಏಳುತ್ತೇನೆ.
ಹಳೆಯ ಹಲಗೆ ಕಿರ್ರೆನ್ನುತ್ತದೆ,
ಕೆಟಲ್‌ವರೆಗೆ ಒಂಬತ್ತು ಹೆಜ್ಜೆ,
ಬೂಟಿನವರೆಗೆ ಇನ್ನಾರು.
ಆಮೇಲೆ ಕೆಳಗಿನಿಂದ ಟಕ್, ಟಕ್.
ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆವು,
ಅವಳು ಅಂಚೆಪೆಟ್ಟಿಗೆಯ ಕಡೆಗೆ, ನಾನು ಗೋಡೆಗೆ.
ಈ ಸಲ ಅಂದೆ: ತುಳಿಯುವುದು ನಾನು,
ಕೇಳುವುದು ನೀವು.
ಬನ್ನಿ, ನೀವೇ ಆರಿಸಿ.

ರಲ್ಫ್ಸ್ ಎಂಬ ಹುಡುಗ, ಮೀಸೆ ಇನ್ನೂ ಮೂಡುತ್ತಿತ್ತು,
ಗಿಣಿಪಾಠ ಒಪ್ಪಿಸಿದ:
ಇದು ಎಂಟು ಮಿಲಿಮೀಟರ್, ಇದು ಹನ್ನೆರಡು,
ಇದರ ಮೇಲೆ ಇಡೀ ದಿನ ನೀರು ನಿಂತರೂ ಚಿಂತೆಯಿಲ್ಲ,
ಇದು ನಾಯಿ ಇರುವ ಮನೆಗೆ,
ಇದು ಓಕ್, ಇದು ಬೂದಿ ಓಕ್, ಇದು ಸುಣ್ಣ ಬಳಿದ ಓಕ್.
ಸ್ಕೈದ್ರೀತೆ ಕನ್ನಡಕ ಹಣೆಗೇರಿಸಿದಳು.
"ಓಕ್ ಎಲ್ಲಿದೆ ಮಗಾ?"
"ಅದು... ಓಕಿನ ಫೋಟೋ."

ಮೂವತ್ತೊಂದು ವರ್ಷ ಮರದ ಕಾರ್ಖಾನೆಯಲ್ಲಿ
ಹಲಗೆಯ ಗುಣ ನೋಡಿ ಸೀಮೆಸುಣ್ಣದ ಗುರುತು ಹಾಕಿದ ಕೈ.
ಮಾದರಿಗಳ ಮೇಲೆ ಹರಿದು ಹರಿದು
ಒಂದು ಗಂಟಿನ ಮೇಲೆ ನಿಂತಿತು.
ಕಣ್ಣಿನಂಥ ಗಂಟು, ಮಗ್ಗುಲಿಗೊಂದು ಸೀಳು.
ಐದನೆಯ ಪಟ್ಟಿಯಲ್ಲಿ ಮತ್ತೆ ಅದೇ ಗಂಟು,
ಅದೇ ಸೀಳು.
ಹತ್ತನೆಯದರಲ್ಲೂ.
"ಪಾಪ," ಅಂದಳು, "ಒಂದೇ ಮರ,
ಎಷ್ಟು ಸಲ ಕಡಿಸಿಕೊಂಡಿದೆ."

ಆಮೇಲೆ ಅಂಗಡಿಯ ನಡುವೆ ಸ್ಟೂಲು ಎಳೆದು ಕೂತು
ಕಣ್ಣು ಮುಚ್ಚಿ ಅಂದಳು: ನಡೆ.
ನಡೆದೆ.
ಬೂಟು ಬಿಚ್ಚಿ, ಬೂಟು ಹಾಕಿ,
ಹಿಮ್ಮಡಿಯೂರಿ, ತುದಿಗಾಲಲ್ಲಿ,
ಹದಿನಾಲ್ಕು ಮಾದರಿ, ಅಡಿಗೆ ಒಮ್ಮೆ ಫೋಮು, ಒಮ್ಮೆ ಕಾರ್ಕು.
ಪೇಂಟ್ ಕೊಳ್ಳಲು ಬಂದವರು ನಿಂತು ನೋಡಿದರು.
"ಇದು ಖಾಲಿ ಡಬ್ಬ."
"ಇದು ಕುದುರೆ."
"ಇದು... ಮುನಿಸಿಕೊಂಡು ನಡೆದೆಯಾ? ಇನ್ನೊಮ್ಮೆ."
ಕೊನೆಗೊಂದರ ಮೇಲೆ ಅವಳು ಏನೂ ಅನ್ನಲಿಲ್ಲ.
ಕಣ್ತೆರೆದು, ನಾನೆಲ್ಲಿ ಎಂದು ಹುಡುಕಿದಳು.

ಅದನ್ನೇ ಕೊಂಡೆ, ಹನ್ನೆರಡು ಪೆಟ್ಟಿಗೆ.
ಬೆಲೆ ನನ್ನ ಲೆಕ್ಕವನ್ನು ಮೀರಿತ್ತು.
ಬಣ್ಣ? ಮನೆಗೆ ಬಂದ ಮೇಲೆ ನೋಡಿದೆ,
ಒದ್ದೆ ಮರಳಿನ ಬಣ್ಣ.

"ಎರಡು ದಿನ ಕೋಣೆಯಲ್ಲಿ ಸುಮ್ಮನೆ ಬಿಡಿ," ಅಂದಿದ್ದ ಹುಡುಗ,
"ಮನೆಯ ಗಾಳಿಗೆ ಒಗ್ಗಲಿ.
ಗೋಡೆಗೆ ತಾಗಿಸಬೇಡಿ, ಬೆರಳಿನಷ್ಟು ಜಾಗ ಇರಲಿ.
ಬೇಸಿಗೆಯಲ್ಲಿ ಹಿಗ್ಗುತ್ತದೆ,
ಜಾಗ ಸಿಗದಿದ್ದರೆ ಬೆನ್ನೆತ್ತುತ್ತದೆ."
ಎರಡು ರಾತ್ರಿ ಪೆಟ್ಟಿಗೆಗಳ ನಡುವೆ ಮಲಗಿದೆ,
ಗುರುತಿಲ್ಲದ ನೆಂಟರು ಬಂದಿಳಿದಂತೆ,
ಮಗ್ಗುಲಾಗಲೂ ಸಂಕೋಚ.

ಹಾಕಿ ಮುಗಿದ ಮರುದಿನ, ಮೂರು ಗಂಟೆ.
ಒಂಬತ್ತು ಹೆಜ್ಜೆ. ಆರು ಹೆಜ್ಜೆ.
ಸದ್ದೇ ಇಲ್ಲ.
ನನಗೇ ಅನುಮಾನ, ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂದು.
ಬೂಟಿನ ದಾರ ಕಟ್ಟುತ್ತಿದ್ದೆ,
ಟಕ್, ಟಕ್.

ಸಿಟ್ಟು ನೆತ್ತಿಗೇರಿ ಎರಡೆರಡು ಮೆಟ್ಟಿಲು ಇಳಿದೆ.
ಬಾಗಿಲಲ್ಲಿ ಅವಳು, ಉಣ್ಣೆಯ ಶಾಲು, ಕೈಯಲ್ಲಿ ಪೊರಕೆ.
"ಎದ್ದಿದ್ದೀಯಾ?" ಅಂದಳು.
"ಸದ್ದು ಕೇಳಲಿಲ್ಲ. ಕೆಲಸಕ್ಕೆ ತಡವಾಯಿತೇನೋ ಅಂತ..."

ಹಾಗಾದರೆ ಇಷ್ಟು ವರ್ಷ ಕುಟ್ಟಿದ್ದು?
ಕೇಳಬೇಕೆಂದಿದ್ದೆ.
ಹಿಟ್ಟು ಕಾಯುತ್ತಿತ್ತು. ಹೋದೆ.

ಉಳಿದ ಎರಡು ಪಟ್ಟಿ ಅವಳೇ ಕೇಳಿ ಒಯ್ದಳು,
ಅಡುಗೆಮನೆಯ ಕಿಟಕಿಗೆ ಹೊಂದಿಸಿ
ಗಂಟು ಇರುವಲ್ಲಿ ಉಪ್ಪಿನ ಡಬ್ಬಿ ಇಟ್ಟಿದ್ದಾಳೆ.
ನಾನೀಗ ಬೂಟು ಹಾಕಿದ ಮೇಲೆ
ಹೊಸ ನೆಲವನ್ನು ಹಿಮ್ಮಡಿಯಿಂದ ಒಮ್ಮೆ
ಜೋರಾಗಿ ಕುಟ್ಟಿ ಹೊರಡುತ್ತೇನೆ.
ಎದುರುಮನೆಯವರು ದೂರು ಕೊಟ್ಟಿದ್ದಾರೆ.